ಲ್ಯಾಪ್‌ಟಾಪು ಬೇಡದ ವೈಫೈಗೆ ತಾನಾಗಿ ಸೇರುವುದೇಕೆ? ತಡೆಯುವುದು ಹೇಗೆ?



ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಲ್ಯಾಪ್‌ಟಾಪು ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಕಾಲೇಜಿಗೆ ಹೋಗುವ ಮಗನೋ ಮಗಳೋ ಓದಿಗೆಂದು ತಂದ ಯಂತ್ರದಲ್ಲಿಯೇ ಮನೆಯವರು ಪಹಣಿಯನ್ನು ನೋಡುತ್ತಾರೆ. ಬೆಳೆ ವಿಮೆಯ ಅರ್ಜಿ ಎಲ್ಲಿಗೆ ಬಂದಿದೆಯೆಂದು ತಿಳಿಯುತ್ತಾರೆ. ಪಿಎಂ ಕಿಸಾನ್ ಕಂತು ಜಮೆಯಾಯಿತೇ ಎಂದು ಬ್ಯಾಂಕಿನ ಲೆಕ್ಕವನ್ನು ತೆರೆಯುತ್ತಾರೆ. ಭೂಮಿ ಯೋಜನೆಯಿಂದ 2000ನೆಯ ಇಸವಿಯ ಸುಮಾರಿಗೆ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಗೆ ಅಲೆದು ನೋಡಬೇಕಾಗಿದ್ದ ವಿವರವನ್ನು ಇಂದು ಮನೆಯ ಜಗುಲಿಯಲ್ಲಿ ಕುಳಿತು ನೋಡಬಹುದಾಗಿದೆ. ಇದು ಸಂತೋಷದ ಸಂಗತಿಯೇ ಸರಿ.

ಆದರೆ ಈ ಯಂತ್ರವನ್ನು ಬಳಸುವ ಮನೆಗಳಲ್ಲಿ ಒಂದು ದೂರು ಮೇಲಿಂದ ಮೇಲೆ ಕೇಳಿಬರುತ್ತದೆ. ‘ನಮ್ಮ ಲ್ಯಾಪ್‌ಟಾಪು ನಮ್ಮ ವೈಫೈಯನ್ನು ಬಿಟ್ಟು ಯಾವುದೋ ಬೇರೆ ಜಾಲಕ್ಕೆ ಸೇರಿಕೊಳ್ಳುತ್ತದೆ, ಬಿಡಿಸಿದರೆ ನಾಳೆ ಮತ್ತೆ ಅಲ್ಲಿಗೇ ಹೋಗುತ್ತದೆ’ ಎಂಬುದೇ ಆ ದೂರು. ಕೆಲವರು ಯಂತ್ರ ಕೆಟ್ಟಿತೆಂದು ತಿಳಿದು ರಿಪೇರಿ ಅಂಗಡಿಗೆ ಹಣ ಕೊಡುತ್ತಾರೆ. ಮತ್ತೆ ಕೆಲವರು, ಹೇಗೋ ಇಂಟರ್ನೆಟ್ಟು ಬಂದರೆ ಸಾಕೆಂದು ಸುಮ್ಮನಿರುತ್ತಾರೆ. ಎರಡೂ ಸರಿಯಲ್ಲ. ಸಾಮಾನ್ಯವಾಗಿ ಇದು ಯಂತ್ರದ ಕೇಡಲ್ಲ, ನಾವೇ ಕೊಟ್ಟ ಅಪ್ಪಣೆಯ ಫಲ. ಆ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಹತ್ತು ನಿಮಿಷ ಸಾಕು, ಖರ್ಚೇನೂ ಇಲ್ಲ. ಅದರ ಬಗೆಯನ್ನು ಇಲ್ಲಿ ವಿವರಿಸಿದೆ.

ವೈಫೈ ಎಂದರೇನು?

ಮೈಸೂರು ಸೀಮೆಯವರಿಗೆ ತಂತಿಯಿಲ್ಲದೆ ಬರುವ ಸುದ್ದಿ ಹೊಸದಲ್ಲ. 1935ರಲ್ಲಿಯೇ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದ್ದರು. ವೈಫೈ ಸಹ ಅದೇ ಜಾತಿಯ ರೇಡಿಯೋ ಅಲೆ. ಮೈಸೂರು ಆಕಾಶವಾಣಿಯ ಎಫ್‌ಎಂ ಅಲೆಯು ಸೆಕೆಂಡಿಗೆ ಸುಮಾರು 10 ಕೋಟಿ ಸಲ ಕಂಪಿಸಿದರೆ, ವೈಫೈ ಅಲೆಯು ಸುಮಾರು 240 ಕೋಟಿ ಸಲ ಅಥವಾ 500 ಕೋಟಿ ಸಲಕ್ಕೂ ಹೆಚ್ಚಾಗಿ ಕಂಪಿಸುತ್ತದೆ. ಇದರ ಶಕ್ತಿ ಬಹಳ ಕಡಿಮೆ. ಆದ್ದರಿಂದ ಒಂದು ಮನೆ, ಅದರ ಅಂಗಳ, ಪಕ್ಕದ ಒಂದೆರಡು ಮನೆಗಳಷ್ಟು ದೂರಕ್ಕೆ ಮಾತ್ರ ಇದು ಮುಟ್ಟುವುದು. ಮಣ್ಣಿನ ದಪ್ಪ ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ಬಯಲಿದ್ದರೆ ಸ್ವಲ್ಪ ಹೆಚ್ಚು.

ರೇಡಿಯೋ ಪೆಟ್ಟಿಗೆಗೂ ಲ್ಯಾಪ್‌ಟಾಪಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ರೇಡಿಯೋ ಕೇಳುತ್ತದೆ, ಮಾತನಾಡುವುದಿಲ್ಲ. ತಪ್ಪು ಕೇಂದ್ರಕ್ಕೆ ತಿರುಗಿದರೆ ಬೇರೆ ಹಾಡು ಕೇಳುತ್ತದೆ, ಅಷ್ಟೆ. ಲ್ಯಾಪ್‌ಟಾಪು ಹಾಗಲ್ಲ. ಅದು ಕೇಳುತ್ತದೆ, ಮಾತನ್ನೂ ಆಡುತ್ತದೆ. ನಾವು ಒತ್ತಿದ ಅಕ್ಷರ, ಬರೆದ ಅರ್ಜಿ, ಕೊಟ್ಟ ಪಾಸ್‌ವರ್ಡು ಎಲ್ಲವೂ ಆ ಜಾಲದ ಮೂಲಕವೇ ಹೊರಗೆ ಹೋಗುತ್ತವೆ. ನಮ್ಮ ಗದ್ದೆಯ ನೀರು ಯಾರ ತೂಬಿನಿಂದ ಹಾಯುತ್ತಿದೆ ಎಂದು ನಾವು ತಿಳಿದಿರುತ್ತೇವಲ್ಲವೇ? ಹಾಗೆಯೇ ನಮ್ಮ ಸುದ್ದಿ ಯಾರ ಜಾಲದಿಂದ ಹಾಯುತ್ತಿದೆ ಎಂದೂ ತಿಳಿದಿರಬೇಕು.

ಮೊದಲು ತೊಂದರೆ ಯಾವುದೆಂದು ಗುರುತಿಸಿ

ಬೆಳೆಗೆ ಔಷಧಿ ಹೊಡೆಯುವ ಮುಂಚೆ ರೋಗ ಯಾವುದೆಂದು ನೋಡುವಂತೆ, ಇಲ್ಲಿಯೂ ತೊಂದರೆ ಮೂರು ಬಗೆಯಲ್ಲಿ ಯಾವುದೆಂದು ಮೊದಲು ತಿಳಿಯಬೇಕು.

ಮೊದಲನೆಯದು, ವೈಫೈ ಪಟ್ಟಿಯನ್ನು ತೆರೆದಾಗ ನೆರೆಮನೆಗಳ ಜಾಲಗಳ ಹೆಸರುಗಳು ಕಾಣುವುದು. ಇದು ತೊಂದರೆಯೇ ಅಲ್ಲ. ಸಾಲು ಮನೆಗಳಲ್ಲಿ ನೆರೆಯವರ ಮಾತು ಗೋಡೆಯಾಚೆಯಿಂದ ಕೇಳಿಸುವಂತೆ ಅವರ ಜಾಲದ ಹೆಸರೂ ಕಾಣುತ್ತದೆ. ಕಂಡ ಮಾತ್ರಕ್ಕೆ ನಮಗಾಗಲಿ ಅವರಿಗಾಗಲಿ ಹಾನಿಯಿಲ್ಲ.

ಎರಡನೆಯದು, ನಾವು ಹೇಳದೆಯೇ ನಮ್ಮ ಲ್ಯಾಪ್‌ಟಾಪು ಬೇರೆ ಜಾಲಕ್ಕೆ ಸೇರುವುದು. ಈ ಲೇಖನದ ಮುಖ್ಯ ವಿಷಯವೇ ಇದು.

ಮೂರನೆಯದು, ನಮ್ಮ ಮನೆಯ ಜಾಲಕ್ಕೆ ಹೊರಗಿನವರು ಸೇರುವುದು. ಇದಕ್ಕೂ ಉಪಾಯವುಂಟು, ಅದನ್ನು ಮುಂದೆ ಹೇಳಿದೆ.

ತಾನಾಗಿ ಸೇರುವುದೇಕೆ?

ಎತ್ತನ್ನು ಒಂದು ದಿನ ಬೀಗರ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿ ಹಸಿ ಹುಲ್ಲು ಹಾಕಿದರೆ, ಮುಂದೆ ಆ ದಾರಿಯಲ್ಲಿ ಹೋಗುವಾಗಲೆಲ್ಲ ಅದು ಅತ್ತ ಎಳೆಯುತ್ತದೆ. ಲ್ಯಾಪ್‌ಟಾಪಿನ ನಡತೆಯೂ ಹೀಗೆಯೇ. ಒಂದು ಜಾಲಕ್ಕೆ ಒಮ್ಮೆ ಸೇರಿಸಿದರೆ ಅದು ಆ ಜಾಲದ ಹೆಸರನ್ನೂ ಪಾಸ್‌ವರ್ಡನ್ನೂ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಸೇರಿಸುವಾಗ ‘ಕನೆಕ್ಟ್ ಆಟೋಮ್ಯಾಟಿಕಲಿ’ ಎಂಬ ಚೌಕದಲ್ಲಿ ಗುರುತು ಇದ್ದರೆ, ‘ಈ ಜಾಲ ಸಿಕ್ಕಾಗಲೆಲ್ಲ ನನ್ನನ್ನು ಕೇಳದೆ ಸೇರು’ ಎಂದು ನಾವೇ ಅಪ್ಪಣೆ ಕೊಟ್ಟಂತಾಯಿತು. ಆ ಮೇಲೆ ಅದು ಆ ಅಪ್ಪಣೆಯನ್ನು ತಪ್ಪದೆ ನಡೆಸುತ್ತದೆ. ನೆರೆಯವರ ಜಾಲಕ್ಕೆ ಮಗನು ಎಂದೋ ಒಂದು ದಿನ ಪರೀಕ್ಷೆಯ ಅರ್ಜಿ ತುಂಬಲು ಸೇರಿಸಿದ್ದಿರಬಹುದು. ಅಂಗಡಿಯವರು ರಿಪೇರಿ ಮಾಡುವಾಗ ತಮ್ಮ ಜಾಲಕ್ಕೆ ಸೇರಿಸಿದ್ದಿರಬಹುದು. ನಾವು ಮರೆತಿರುತ್ತೇವೆ, ಯಂತ್ರವು ಮರೆತಿರುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎತ್ತು ಕೊಟ್ಟಿಗೆಯನ್ನು ನೋಡಿ ಗುರುತಿಸುತ್ತದೆ. ಲ್ಯಾಪ್‌ಟಾಪು ಮನೆಯನ್ನು ಕಾಣದು, ಅದು ಗುರುತಿಸುವುದು ಹೆಸರನ್ನು ಮಾತ್ರ. ಜಾಲಕ್ಕೆ ಯಾರು ಬೇಕಾದರೂ ಯಾವ ಹೆಸರನ್ನು ಬೇಕಾದರೂ ಇಡಬಹುದು. ಇದಕ್ಕೆ ನೋಂದಣಿಯಿಲ್ಲ, ತಡೆಯಿಲ್ಲ. ಒಬ್ಬನು ತನ್ನ ಮೊಬೈಲಿನ ಹಾಟ್‌ಸ್ಪಾಟಿಗೆ ರೈಲ್ವೆ ನಿಲ್ದಾಣದ ಜಾಲದ ಹೆಸರನ್ನೇ ಇಟ್ಟು ಬಸ್ ಸ್ಟ್ಯಾಂಡಿನಲ್ಲಿ ಕುಳಿತನೆಂದುಕೊಳ್ಳಿ. ಹಿಂದೆ ನಿಲ್ದಾಣದ ಜಾಲಕ್ಕೆ ಸೇರಿದ್ದ ಲ್ಯಾಪ್‌ಟಾಪುಗಳು ಅದೇ ಜಾಲವೆಂದು ಭ್ರಮಿಸಿ ಅವನ ಮೊಬೈಲಿಗೆ ಸೇರಿಬಿಡಬಹುದು.

ಈ ಮೋಸವು ಎಲ್ಲ ಜಾಲಗಳಲ್ಲಿಯೂ ನಡೆಯದು. ಪಾಸ್‌ವರ್ಡಿನ ಬೀಗವಿರುವ ಜಾಲವಾದರೆ ಎರಡು ಕಡೆಯವರಲ್ಲಿಯೂ ಒಂದೇ ಬೀಗದಕೈ ಇರಬೇಕು. ಹೆಸರು ಕದ್ದವನಿಗೆ ಪಾಸ್‌ವರ್ಡು ತಿಳಿಯದಿದ್ದರೆ ನಮ್ಮ ಯಂತ್ರವು ಅವನ ಜಾಲಕ್ಕೆ ಸೇರುವುದಿಲ್ಲ. ಬೀಗವಿಲ್ಲದ ಜಾಲಕ್ಕೆ ಹೆಸರೊಂದೇ ಸಾಕು. ಹೋಟೆಲಿನ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಪಾಸ್‌ವರ್ಡು ಬರೆದಿದ್ದರೆ ಅದೂ ಬೀಗವಿಲ್ಲದ ಜಾಲಕ್ಕೆ ಸಮಾನವೆಂದೇ ತಿಳಿಯತಕ್ಕದ್ದು. ಏಕೆಂದರೆ ಬೀಗದಕೈ ಊರಿನವರೆಲ್ಲರ ಬಳಿಯೂ ಇದೆ.

ಇದರಿಂದ ನಷ್ಟವೇನು?

1. ಡೇಟಾ ನಷ್ಟ. ದಿನಕ್ಕೆ ಇಷ್ಟೇ ಡೇಟಾ ಎಂಬ ಪ್ಯಾಕ್ ಹಾಕಿಸಿದ ಮೊಬೈಲಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪು ತಾನಾಗಿ ಸೇರಿದರೆ, ವಿಂಡೋಸ್ ತನ್ನ ಹೊಸ ತಿದ್ದುಪಡಿಗಳನ್ನು ಇಳಿಸಿಕೊಳ್ಳಲು ತೊಡಗುತ್ತದೆ. ಬೆಳಿಗ್ಗೆ ತುಂಬಿದ್ದ ಪ್ಯಾಕ್ ಮಧ್ಯಾಹ್ನದೊಳಗೆ ಖಾಲಿಯಾಗುವುದಕ್ಕೆ ಅನೇಕ ವೇಳೆ ಇದೇ ಕಾರಣ.

2. ಕೆಲಸ ಕೆಡುವುದು. ದೂರದ, ಕ್ಷೀಣವಾದ ಜಾಲಕ್ಕೆ ಸೇರಿದ ಯಂತ್ರದಲ್ಲಿ ಅರ್ಜಿ ಅರ್ಧಕ್ಕೆ ನಿಲ್ಲುತ್ತದೆ. ವಿಮೆಯ ಕೊನೆಯ ದಿನಾಂಕದಂದು ಹೀಗಾದರೆ ಒಂದು ಹಂಗಾಮಿನ ರಕ್ಷಣೆಯೇ ತಪ್ಪಿಹೋಗಬಹುದು. ಪ್ರಿಂಟರಿನ ಜಾಲಕ್ಕೆ ಸೇರಿಕೊಂಡರಂತೂ ಇಂಟರ್ನೆಟ್ಟು ಸಿಕ್ಕುವುದೇ ಇಲ್ಲ. ಹೆಸರು ‘ಡೈರೆಕ್ಟ್’ ಎಂದು ಆರಂಭವಾದರೆ ಅದು ಪ್ರಿಂಟರೋ ಟಿವಿಯೋ ಇರಬೇಕೆಂದು ತಿಳಿಯಿರಿ.

3. ಮೋಸದ ಪುಟ. ಇದನ್ನು ಇದ್ದುದಕ್ಕಿಂತ ಹೆಚ್ಚಾಗಿ ಹೇಳಿ ಹೆದರಿಸಬಾರದು, ಕಡಿಮೆ ಮಾಡಿಯೂ ಹೇಳಬಾರದು. ಬ್ಯಾಂಕುಗಳ ಪುಟಗಳು ಈಗ ಗುಪ್ತಲಿಪಿಯಲ್ಲಿ ಸುದ್ದಿ ಕಳಿಸುತ್ತವೆ. ವಿಳಾಸವು ‘ಎಚ್‌ಟಿಟಿಪಿಎಸ್’ ಎಂದು ಆರಂಭವಾಗಿದ್ದರೆ ಜಾಲದ ಒಡೆಯನಿಗೆ ನೀವು ಯಾವ ಬ್ಯಾಂಕಿಗೆ ಹೋದಿರೆಂದು ತಿಳಿಯಬಹುದು, ಆದರೆ ನೀವು ಬರೆದ ಪಾಸ್‌ವರ್ಡು ಅವನಿಗೆ ಓದಲು ಬಾರದು. ಆದರೆ ಜಾಲವು ಅವನದಾದ್ದರಿಂದ ಅವನು ತಾನೇ ಒಂದು ಪುಟವನ್ನು ಮುಂದೆ ಒಡ್ಡಿ, ‘ಇಂಟರ್ನೆಟ್ಟು ಬೇಕಾದರೆ ಮೊಬೈಲು ಸಂಖ್ಯೆ, ಆಧಾರ್ ಸಂಖ್ಯೆ, ಕಾರ್ಡಿನ ಸಂಖ್ಯೆ ಬರೆಯಿರಿ’ ಎಂದು ಕೇಳಬಹುದು. ಬರೆದು ಕೊಟ್ಟರೆ ಯಾವ ಗುಪ್ತಲಿಪಿಯೂ ಕಾಪಾಡದು. ಪುಟದ ವಿಷಯದಲ್ಲಿ ನಂಬಿಕೆಯಿಲ್ಲವೆಂದು ಯಂತ್ರವು ಕೆಂಪು ಎಚ್ಚರಿಕೆ ತೋರಿಸಿದಾಗ ಅದನ್ನು ದಾಟಿ ಮುಂದೆ ಹೋದರೂ ಇದೇ ಗತಿ.

4. ಇತರರ ಅಪರಾಧಕ್ಕೆ ನಾವು ಉತ್ತರ ಕೊಡಬೇಕಾಗುವುದು. ಬೀಗ ಹಾಕದ ಜಾಲದ ಒಡೆಯನಿಗೆ ಆದ ಕಷ್ಟಕ್ಕೆ ನಮ್ಮ ದೇಶದಲ್ಲಿಯೇ ಒಂದು ಉದಾಹರಣೆಯುಂಟು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದವು. ಅದಕ್ಕೆ ಕೆಲವೇ ನಿಮಿಷ ಮುಂಚೆ ಸುದ್ದಿ ಸಂಸ್ಥೆಗಳಿಗೆ ಒಂದು ಬೆದರಿಕೆಯ ಇಮೇಲ್ ಬಂದಿತ್ತು. ಜಾಡು ಹಿಡಿದು ಹೋದ ಪೊಲೀಸರು ಮುಟ್ಟಿದ್ದು ನವಿ ಮುಂಬಯಿಯ ಒಂದು ಮನೆಯನ್ನು. ಅಲ್ಲಿದ್ದವರು ವಿದೇಶೀಯರು. ಅವರ ವೈಫೈಗೆ ಬೀಗವಿರಲಿಲ್ಲ. ಹೊರಗಿನವರು ಅದನ್ನು ಬಳಸಿಕೊಂಡಿದ್ದರು. ಮನೆಯವರು ವಿಚಾರಣೆ ಎದುರಿಸಬೇಕಾಯಿತು. ಸಾರ್ವಜನಿಕ ವೈಫೈ ಕೊಡುವವರು ಬಳಸುವವರ ಗುರುತನ್ನು ಪಡೆಯಬೇಕೆಂದು ದೂರಸಂಪರ್ಕ ಇಲಾಖೆಯು 2009ರಲ್ಲಿ ಸೂಚನೆ ಹೊರಡಿಸಿತು. ರೈಲ್ವೆ ನಿಲ್ದಾಣದ ವೈಫೈಯು ಮೊಬೈಲಿಗೆ ಒಟಿಪಿ ಕಳಿಸಿಯೇ ಒಳಗೆ ಬಿಡುವುದಕ್ಕೆ ಹಿನ್ನೆಲೆ ಇದೇ.

ಮಾಡತಕ್ಕ ಕೆಲಸ

ಈಗ ಪರಿಹಾರಕ್ಕೆ ಬರೋಣ. ಹೆಚ್ಚಿನ ಮನೆಗಳಲ್ಲಿರುವುದು ವಿಂಡೋಸ್ ಯಂತ್ರ. ಆದ್ದರಿಂದ ಕ್ರಮವನ್ನು ಅದಕ್ಕೆ ಹೊಂದುವಂತೆ ಹೇಳಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದೆ. ಇಂಗ್ಲಿಷು ಓದಲು ಬಾರದವರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬಹುದು.

ಮೊದಲನೆಯ ಹೆಜ್ಜೆ: ಈಗ ಯಾವ ಜಾಲದಲ್ಲಿದ್ದೀರಿ ಎಂದು ನೋಡಿ. ಪರದೆಯ ಕೆಳಗೆ ಬಲಮೂಲೆಯಲ್ಲಿ ಬೀಸಣಿಗೆಯಂತಹ ಒಂದು ಗುರುತಿದೆ. ಅದನ್ನು ಒತ್ತಿದರೆ ಈಗ ಸೇರಿರುವ ಜಾಲದ ಹೆಸರನ್ನು ನೋಡಬಹುದು. ನಿಮ್ಮ ಮನೆಯ ಜಾಲದ ಹೆಸರು ಯಾವುದೆಂದು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ನೆನಪಿನ ಪಟ್ಟಿಯನ್ನು ತೆರೆಯಿರಿ. ‘ಸೆಟ್ಟಿಂಗ್ಸ್’ ಒಳಗೆ ಹೋಗಿ ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’ ಒತ್ತಿ, ಅದರೊಳಗೆ ‘ವೈಫೈ’ ಒತ್ತಿ, ಅಲ್ಲಿ ‘ಮ್ಯಾನೇಜ್ ನೋನ್ ನೆಟ್‌ವರ್ಕ್ಸ್’ ಎಂಬುದನ್ನು ತೆರೆಯಿರಿ. ಈ ಯಂತ್ರವು ಇದುವರೆಗೆ ಸೇರಿ ನೆನಪಿಟ್ಟುಕೊಂಡ ಜಾಲಗಳೆಲ್ಲವೂ ಅಲ್ಲಿ ಸಾಲಾಗಿವೆ. ಮೊದಲ ಸಲ ನೋಡುವವರಿಗೆ ಆಶ್ಚರ್ಯವಾದೀತು. ಮೈಸೂರಿನ ಹಾಸ್ಟೆಲು, ಮದುವೆಯ ಛತ್ರ, ಸ್ನೇಹಿತರ ಮೊಬೈಲು, ರಿಪೇರಿ ಅಂಗಡಿ, ಎಲ್ಲವೂ ಅಲ್ಲಿ ಇರಬಹುದು.

ಮೂರನೆಯ ಹೆಜ್ಜೆ: ಕಳೆ ಕೀಳಿರಿ. ಮನೆಯ ಜಾಲ, ಮನೆಯವರ ಮೊಬೈಲು, ಮಕ್ಕಳ ಕಾಲೇಜು, ಹೀಗೆ ನಿಜವಾಗಿ ಬೇಕಾದುವನ್ನು ಬಿಟ್ಟು ಉಳಿದ ಪ್ರತಿಯೊಂದರ ಎದುರಿಗೂ ಇರುವ ‘ಫರ್ಗೆಟ್’ ಎಂಬುದನ್ನು ಒತ್ತಿರಿ. ಯಂತ್ರಕ್ಕೆ ‘ಮರೆತುಬಿಡು’ ಎಂದು ಹೇಳುವ ಮಾತು ಅದು. ಇದರಿಂದ ಯಾವ ಕಡತವೂ ಅಳಿಯುವುದಿಲ್ಲ. ಮತ್ತೆ ಬೇಕಾದರೆ ಪಾಸ್‌ವರ್ಡು ಕೊಟ್ಟು ಪುನಃ ಸೇರಬಹುದು. ಬರಿದೇ ‘ಡಿಸ್‌ಕನೆಕ್ಟ್’ ಒತ್ತುವುದು ಕಳೆಯನ್ನು ಮೇಲೆ ಕೊಯ್ದಂತೆ, ಬೇರು ಉಳಿಯುತ್ತದೆ. ‘ಫರ್ಗೆಟ್’ ಒತ್ತುವುದು ಬೇರುಸಹಿತ ಕಿತ್ತಂತೆ.

ನಾಲ್ಕನೆಯ ಹೆಜ್ಜೆ: ಉಳಿಸಿಕೊಂಡುವಕ್ಕೆ ಕಟ್ಟಳೆ ಮಾಡಿ. ಉಳಿದ ಹೆಸರುಗಳಲ್ಲಿ ಒಂದೊಂದನ್ನೇ ತೆರೆದು, ಮನೆಯ ಜಾಲವೊಂದಕ್ಕೆ ಮಾತ್ರ ‘ಕನೆಕ್ಟ್ ಆಟೋಮ್ಯಾಟಿಕಲಿ’ ಗುರುತನ್ನು ಇರಗೊಡಿ. ಕಾಲೇಜು, ಮೊಬೈಲು ಮುಂತಾದುವಕ್ಕೆ ಆ ಗುರುತನ್ನು ತೆಗೆಯಿರಿ. ಇನ್ನು ಮುಂದೆ ಅವುಗಳಿಗೆ ನೀವು ಒತ್ತಿದಾಗ ಮಾತ್ರ ಅದು ಸೇರುವುದು.

ಐದನೆಯ ಹೆಜ್ಜೆ: ಮೊಬೈಲಿನ ಹಾಟ್‌ಸ್ಪಾಟಿಗೆ ‘ಮೀಟರ್ಡ್ ಕನೆಕ್ಷನ್’ ಎಂಬ ಗುಂಡಿಯನ್ನು ಹಾಕಿರಿ. ಈ ಜಾಲದ ಡೇಟಾ ಅಳತೆಯದು, ಮಿತವಾಗಿ ಬಳಸು ಎಂದು ಯಂತ್ರಕ್ಕೆ ಹೇಳಿದಂತಾಗುತ್ತದೆ. ಆಗ ವಿಂಡೋಸ್ ತನ್ನ ದೊಡ್ಡ ತಿದ್ದುಪಡಿಗಳಲ್ಲಿ ಹೆಚ್ಚಿನವನ್ನು ಮುಂದಕ್ಕೆ ಹಾಕುತ್ತದೆ.

ಆರನೆಯ ಹೆಜ್ಜೆ: ಹೊರಗಿನ ಜಾಲಕ್ಕೆ ಸೇರಿದಾಗ ‘ಪಬ್ಲಿಕ್’ ಎಂಬುದನ್ನೇ ಆರಿಸಿ. ‘ಪ್ರೈವೇಟ್’ ಎಂದರೆ ಅದೇ ಜಾಲದಲ್ಲಿರುವ ಇತರ ಯಂತ್ರಗಳಿಗೆ ನಮ್ಮ ಯಂತ್ರವು ಕಾಣುವಂತೆ ಬಾಗಿಲು ತೆರೆದಂತೆ. ಅದು ಮನೆಗೆ ಸರಿ, ಸಂತೆಗೆ ಸರಿಯಲ್ಲ.

ಮೊಬೈಲಿನಲ್ಲಿಯೂ ಇದೇ ಕೆಲಸವನ್ನು ಮಾಡತಕ್ಕದ್ದು. ವೈಫೈ ಸೆಟ್ಟಿಂಗಿನಲ್ಲಿ ‘ಸೇವ್ಡ್ ನೆಟ್‌ವರ್ಕ್ಸ್’ ಎಂಬ ಪಟ್ಟಿಯಿರುತ್ತದೆ. ಬೇಡವಾದುದನ್ನು ಅಲ್ಲಿಯೂ ‘ಫರ್ಗೆಟ್’ ಮಾಡಬಹುದು. ಬೀಗವಿಲ್ಲದ ಜಾಲಗಳಿಗೆ ತಾನಾಗಿ ಸೇರು ಎಂಬ ಗುಂಡಿಯೇನಾದರೂ ಇದ್ದರೆ ಅದನ್ನು ಆರಿಸಿಬಿಡಿ.

ಮರೆಸಿದರೂ ಮರಳಿ ಬಂದರೆ?

ಕೆಲವು ವೇಳೆ ಇಷ್ಟೆಲ್ಲ ಮಾಡಿದರೂ ಅದೇ ಹೆಸರು ಪಟ್ಟಿಗೆ ಮತ್ತೆ ಬರುವುದುಂಟು. ಆಗ ಈ ಮೂರನ್ನು ನೋಡಿ.

ಒಂದು, ಒಬ್ಬರೇ ಒಂದೇ ಮೈಕ್ರೋಸಾಫ್ಟ್ ಖಾತೆಯನ್ನು ಎರಡು ಯಂತ್ರಗಳಲ್ಲಿ ಬಳಸುತ್ತಿದ್ದರೆ, ಒಂದರ ನೆನಪು ಇನ್ನೊಂದಕ್ಕೂ ಬರಬಹುದು. ‘ಅಕೌಂಟ್ಸ್’ ಒಳಗೆ ‘ವಿಂಡೋಸ್ ಬ್ಯಾಕಪ್’ ಎಂಬಲ್ಲಿ ವೈಫೈ ಮತ್ತು ಪಾಸ್‌ವರ್ಡುಗಳನ್ನು ನೆನಪಿಡುವ ಗುರುತಿದ್ದರೆ ಅದನ್ನು ತೆಗೆದು, ಎರಡು ಯಂತ್ರಗಳಲ್ಲಿಯೂ ಮರೆಸುವ ಕೆಲಸವನ್ನು ಮಾಡಿ.

ಎರಡು, ಯಂತ್ರವನ್ನು ಮನೆಯಲ್ಲಿ ಹಲವರು ಬಳಸುತ್ತಿದ್ದರೆ ಬೇರೊಬ್ಬರು ಅದನ್ನು ಪುನಃ ಸೇರಿಸಿರಬಹುದು. ಮಕ್ಕಳನ್ನು ಗದರಿಸುವ ಬದಲು ಕಾರಣವನ್ನು ತಿಳಿಸಿ ಹೇಳಿದರೆ ಅವರು ಕೇಳುತ್ತಾರೆ. ಮನೆಯ ಜಾಲವು ನಿಧಾನವೆಂಬ ಕಾರಣಕ್ಕೆ ನೆರೆಯವರ ಜಾಲಕ್ಕೆ ಹೋಗುತ್ತಿದ್ದರೆ, ರೂಟರನ್ನು ಮೂಲೆಯ ಕಪಾಟಿನಿಂದ ತೆಗೆದು ಮನೆಯ ನಡುವೆ, ಆಳೆತ್ತರದಲ್ಲಿ ಇಟ್ಟು ನೋಡಿ. ಕಬ್ಬಿಣದ ಬೀರು, ನೀರಿನ ತೊಟ್ಟಿ, ದಪ್ಪ ಗೋಡೆ ಇವು ಅಲೆಗೆ ಅಡ್ಡಿ.

ಮೂರು, ನೆರೆಯ ಒಂದು ಜಾಲವು ಪಟ್ಟಿಯಲ್ಲಿ ಕಾಣಲೇಬಾರದೆಂದಿದ್ದರೆ, ವಿಂಡೋಸಿನ ಆಜ್ಞಾ ಕಿಟಕಿಯಲ್ಲಿ ಆ ಹೆಸರಿಗೆ ತಡೆ ಹಾಕುವ ಸೌಲಭ್ಯವಿದೆ. ಒಂದಕ್ಷರ ತಪ್ಪಿದರೆ ನಡೆಯದು. ಆದ್ದರಿಂದ ಕಂಪ್ಯೂಟರು ಕಲಿತವರ ಕೈಯಲ್ಲಿ ಇದನ್ನು ಮಾಡಿಸುವುದು ಮೇಲು.

ವಿಂಡೋಸ್ 10 ಇರುವ ಯಂತ್ರದವರು ಇನ್ನೊಂದು ಮಾತನ್ನು ತಿಳಿದಿರಬೇಕು. ಅದಕ್ಕೆ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಹಳೆಯ ಬೇಲಿಗೆ ಮುಳ್ಳು ಕಟ್ಟುವವರಿಲ್ಲದಂತಾಯಿತು. ಯಂತ್ರವು ಒಪ್ಪುವುದಾದರೆ ವಿಂಡೋಸ್ 11ಕ್ಕೆ ಏರಿಸಿಕೊಳ್ಳುವುದು ಲೇಸು. ಅಲ್ಲಿಯವರೆಗೆ ಬೀಗವಿಲ್ಲದ ಜಾಲಗಳಿಂದ ದೂರವಿರುವುದು ಇನ್ನೂ ಹೆಚ್ಚಿನ ಅಗತ್ಯ.

ನಮ್ಮ ಜಾಲಕ್ಕೆ ಬೀಗ

ನೆರೆಯವರ ಜಾಲಕ್ಕೆ ನಾವು ಹೋಗದಂತೆ ಮಾಡಿದೆವು. ನಮ್ಮ ಜಾಲಕ್ಕೆ ಹೊರಗಿನವರು ಬಾರದಂತೆಯೂ ಮಾಡಬೇಕು.

1. ರೂಟರ್ ಪೆಟ್ಟಿಗೆಯ ತಳದ ಚೀಟಿಯಲ್ಲಿ ಅಚ್ಚಾಗಿರುವ ಪಾಸ್‌ವರ್ಡನ್ನು ಹಾಗೆಯೇ ಉಳಿಸಬೇಡಿ. ಹನ್ನೆರಡು ಅಕ್ಷರಗಳಿಗೆ ಕಡಿಮೆಯಿಲ್ಲದ ಹೊಸದನ್ನು ಇಡಿ. ಮೊಬೈಲು ಸಂಖ್ಯೆ, ಮನೆದೇವರ ಹೆಸರು, ಊರಿನ ಹೆಸರು ಬೇಡ. ಊರವರು ಮೊದಲು ಊಹಿಸುವುದೇ ಅವನ್ನು.

2. ಬೀಗದ ಜಾತಿಯನ್ನು ‘ಡಬ್ಲ್ಯುಪಿಎ 2’ ಅಥವಾ ‘ಡಬ್ಲ್ಯುಪಿಎ 3’ ಎಂದು ಆರಿಸಿ. ಮೊದಲನೆಯದು 2004ರಲ್ಲಿ, ಎರಡನೆಯದು 2018ರಲ್ಲಿ ಬಂದಿತು. ‘ಡಬ್ಲ್ಯುಇಪಿ’ ಎಂಬುದು ಹಳೆಯ, ಸುಲಭವಾಗಿ ಮುರಿಯುವ ಬೀಗ, ಅದನ್ನು ಬಳಸಲೇಬಾರದು.

3. ‘ಡಬ್ಲ್ಯುಪಿಎಸ್’ ಎಂಬ ಗುಂಡಿಯ ಸೌಲಭ್ಯವನ್ನು ಆರಿಸಿರಿ. ಅದರ ಎಂಟು ಅಂಕಿಯ ಗುಟ್ಟನ್ನು ಕೆಲವೇ ಗಂಟೆಗಳಲ್ಲಿ ಊಹಿಸಬಹುದೆಂದು 2011ರಲ್ಲಿಯೇ ಬಯಲಾಗಿದೆ.

4. ಮದುವೆ, ಗೃಹಪ್ರವೇಶ, ಹಬ್ಬಗಳಿಗೆ ಬಂದ ನೆಂಟರಿಷ್ಟರಿಗೆ ಪಾಸ್‌ವರ್ಡು ಕೊಟ್ಟಿದ್ದರೆ, ಅವರು ಹೋದ ಮೇಲೆ ಅದನ್ನು ಬದಲಾಯಿಸಿ. ಇದರಲ್ಲಿ ಯಾರ ಮೇಲೂ ಅಪನಂಬಿಕೆಯಿಲ್ಲ. ಅವರ ಮೊಬೈಲಿನಿಂದ ಅದು ಇನ್ನೆಲ್ಲಿಗೆ ಹೋಯಿತೋ ತಿಳಿಯದಲ್ಲವೇ? ರೂಟರಿನಲ್ಲಿ ‘ಗೆಸ್ಟ್’ ಎಂಬ ಬೇರೆ ಜಾಲವಿದ್ದರೆ ಅತಿಥಿಗಳಿಗೆ ಅದನ್ನೇ ಕೊಡುವುದು ಇನ್ನೂ ಉತ್ತಮ.

ಓದುಗರು ಕೇಳಬಹುದಾದ ಪ್ರಶ್ನೆಗಳು

ಪ್ರಶ್ನೆ: ಹಾಗಾದರೆ ಪುಕ್ಕಟೆ ವೈಫೈಯನ್ನು ಬಳಸಲೇಬಾರದೇ?

ಉತ್ತರ: ಬಳಸಬಹುದು. ರೈಲ್ವೆ ನಿಲ್ದಾಣಗಳಲ್ಲಿ ರೈಲ್‌ಟೆಲ್ ಸಂಸ್ಥೆಯು 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಿಂದ ಆರಂಭಿಸಿ ಸಾವಿರಾರು ನಿಲ್ದಾಣಗಳಿಗೆ ವೈಫೈ ಒದಗಿಸಿದೆ. ಸಣ್ಣ ಅಂಗಡಿಯವರೂ ವೈಫೈ ಕೊಡಲು ಅನುಕೂಲವಾಗುವಂತೆ ಕೇಂದ್ರ ಸರ್ಕಾರವು 2020ರ ಡಿಸೆಂಬರಿನಲ್ಲಿ ಪಿಎಂ ವಾಣಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹವಾಮಾನ ನೋಡಲು, ಕೃಷಿ ಮಾರಾಟವಾಹಿನಿಯಲ್ಲಿ ಧಾರಣೆ ನೋಡಲು, ಪಾಠ ಕೇಳಲು ಇವು ಬಹಳ ಉಪಯೋಗ. ಬ್ಯಾಂಕು, ಆಧಾರ್, ಒಟಿಪಿ ಬೇಕಾಗುವ ಅರ್ಜಿ, ಇವಿಷ್ಟನ್ನು ಮಾತ್ರ ಮನೆಯ ಜಾಲದಲ್ಲಿ ಅಥವಾ ಸ್ವಂತ ಮೊಬೈಲಿನ ಡೇಟಾದಲ್ಲಿ ಮಾಡಿ. ಕೆಲಸ ಮುಗಿದ ಕೂಡಲೆ ಹೊರಗಿನ ಜಾಲವನ್ನು ‘ಫರ್ಗೆಟ್’ ಮಾಡಿ.

ಪ್ರಶ್ನೆ: ಜಾತ್ರೆಗೆ ಹೋದಾಗ ಏನು ಮಾಡಬೇಕು?

ಉತ್ತರ: ನಂಜನಗೂಡಿನ ದೊಡ್ಡ ಜಾತ್ರೆ, ಸುತ್ತೂರು ಜಾತ್ರೆ, ಮುಡುಕುತೊರೆ ಜಾತ್ರೆಗಳಂತಹ ಜನಸಂದಣಿಯಲ್ಲಿ ನೂರಾರು ಮೊಬೈಲುಗಳ ಹಾಟ್‌ಸ್ಪಾಟುಗಳು ಒಟ್ಟಿಗೆ ಇರುತ್ತವೆ. ಯಾವುದು ಯಾರದೆಂದು ಹೇಳಲಾಗದು. ಜೇಬುಗಳ್ಳರಿರುವೆಡೆ ಹಣದ ಚೀಲದ ಬಾಯಿ ಕಟ್ಟುವಂತೆ, ಮೊಬೈಲಿನ ವೈಫೈ ಗುಂಡಿಯನ್ನೇ ಆರಿಸಿಬಿಡುವುದು ಸುಲಭದ ದಾರಿ.

ಪ್ರಶ್ನೆ: ನಮ್ಮ ಜಾಲದ ಹೆಸರು ಯಾರಿಗೂ ಕಾಣದಂತೆ ಬಚ್ಚಿಟ್ಟರೆ ಕ್ಷೇಮವಲ್ಲವೇ?

ಉತ್ತರ: ಅಲ್ಲ. ಬಚ್ಚಿಟ್ಟ ಹೆಸರನ್ನು ಕಂಡುಹಿಡಿಯುವುದು ಕಷ್ಟವಲ್ಲ. ಮೇಲಾಗಿ, ಹೆಸರು ಕಾಣದಿದ್ದಾಗ ನಿಮ್ಮ ಲ್ಯಾಪ್‌ಟಾಪೇ ಹೋದ ಹೋದಲ್ಲಿ ‘ಇಂತಹ ಹೆಸರಿನ ಜಾಲ ಇದೆಯೇ?’ ಎಂದು ಕೂಗಿ ಕೇಳಬೇಕಾಗುತ್ತದೆ. ಗುಟ್ಟು ರಟ್ಟಾಗುವ ದಾರಿಯೇ ಅದು. ಗಟ್ಟಿ ಪಾಸ್‌ವರ್ಡೇ ಸಾಕು.

ಪ್ರಶ್ನೆ: ನೆರೆಯವರೇ ಒಪ್ಪಿ ಪಾಸ್‌ವರ್ಡು ಕೊಟ್ಟಿದ್ದಾರೆ. ಬಳಸಬಹುದೇ?

ಉತ್ತರ: ಪರಸ್ಪರ ಒಪ್ಪಿಗೆಯಿದ್ದರೆ ಬಳಸಬಹುದು. ಆದರೆ ಅವರ ಜಾಲದಿಂದ ನಡೆದ ಕೆಲಸಕ್ಕೆ ಮೊದಲು ಕೇಳುವುದು ಅವರನ್ನು ಎಂಬುದು ಎರಡು ಮನೆಯವರಿಗೂ ನೆನಪಿರಲಿ. ಒಪ್ಪಿಗೆಯಿಲ್ಲದೆ ಬಳಸುವುದು, ಬೀಗವಿಲ್ಲದಿದ್ದರೂ ಸಹ, ತೆರೆದ ಬಾಗಿಲಿನ ಮನೆಗೆ ನುಗ್ಗಿದಂತೆಯೇ ಸರಿ.

ಪ್ರಶ್ನೆ: ಆಗಲೇ ಮೋಸದ ಪುಟದಲ್ಲಿ ವಿವರ ಕೊಟ್ಟಾಗಿದೆ. ಈಗೇನು ಗತಿ?

ಉತ್ತರ: ನಾಚಿಕೆಯಿಂದ ಮುಚ್ಚಿಡಬೇಡಿ. ಮೊದಲು ಆ ಜಾಲವನ್ನು ಬಿಡಿಸಿ. ಬೇರೆ, ನಂಬಿಕೆಯ ಜಾಲದಿಂದ ಪಾಸ್‌ವರ್ಡುಗಳನ್ನು ಬದಲಾಯಿಸಿ. ಬ್ಯಾಂಕಿಗೆ ತಿಳಿಸಿ ಕಾರ್ಡನ್ನು ತಡೆಹಿಡಿಯಿರಿ. ಹಣ ಹೋಗಿದ್ದರೆ ಒಂದು ಗಳಿಗೆಯನ್ನೂ ಕಳೆಯದೆ 1930 ಎಂಬ ಸಹಾಯವಾಣಿಗೆ ಫೋನು ಮಾಡಿ. ಎಷ್ಟು ಬೇಗ ತಿಳಿಸಿದರೆ ಅಷ್ಟು ಮಟ್ಟಿಗೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಫಿಂಗರ್‌ಪ್ರಿಂಟ್ ದುರುಪಯೋಗವಾದೀತೆಂಬ ಭಯವಿದ್ದರೆ ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಬಯೋಮೆಟ್ರಿಕ್ ಬೀಗ ಹಾಕುವ ಸೌಲಭ್ಯವೂ ಉಂಟು.

ನೆನಪಿಡತಕ್ಕ ಮಾತುಗಳು

ಲ್ಯಾಪ್‌ಟಾಪು ಬೇಡದ ಜಾಲಕ್ಕೆ ಸೇರುವುದು ತನ್ನ ನೆನಪಿನ ಬಲದಿಂದ. ಅದು ಹೆಸರನ್ನು ಬಲ್ಲುದು, ಮನೆಯನ್ನು ಅರಿಯದು. ಆದುದರಿಂದ ನೆನಪಿನ ಪಟ್ಟಿಯನ್ನು ನಾವೇ ಶುದ್ಧವಾಗಿಡಬೇಕು.

ಬೇಡದ ಜಾಲವನ್ನು ಬರಿದೇ ಬಿಡಿಸಬೇಡಿ, ಮರೆಸಿ.

ತಾನಾಗಿ ಸೇರುವ ಅಪ್ಪಣೆ ಮನೆಯ ಜಾಲವೊಂದಕ್ಕೆ ಮಾತ್ರ ಇರಲಿ.

ಹಣದ ಕೆಲಸ, ಆಧಾರ್ ಕೆಲಸ ಹೊರಗಿನ ಜಾಲದಲ್ಲಿ ಬೇಡ.

ನಿಮ್ಮ ಜಾಲಕ್ಕೆ ಗಟ್ಟಿ ಬೀಗವಿರಲಿ. ಬೀಗದಕೈ ಕೈಯಿಂದ ಕೈಗೆ ಹರಿದಾಡದಿರಲಿ.

ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ ಎತ್ತುಗಳಿಗೆ ಬಿಡುವು ಕೊಟ್ಟಾಗ, ಹತ್ತು ನಿಮಿಷ ಕುಳಿತು ಈ ಪಟ್ಟಿಯನ್ನು ನೋಡುವ ರೂಢಿ ಮಾಡಿಕೊಳ್ಳಿ. ಹೊಲದ ಬದುವಿನ ಕಳೆಯನ್ನು ಆಗಾಗ ತೆಗೆಯುವ ರೈತನಿಗೆ ಇದು ಹೊರೆಯಲ್ಲ. ಕಲಿತವರು ಪಕ್ಕದ ಮನೆಯವರಿಗೂ ತೋರಿಸಿಕೊಡಲಿ. ಯುವಕ ಯುವತಿಯರು ಊರಿನ ಗ್ರಂಥಾಲಯದಲ್ಲೋ ಹಾಲಿನ ಡೇರಿಯ ಜಗುಲಿಯಲ್ಲೋ ಒಂದು ಸಂಜೆ ನಾಲ್ಕು ಜನರನ್ನು ಸೇರಿಸಿ ಮಾಡಿ ತೋರಿಸಿದರೆ, ಊರಿನ ಎಷ್ಟೋ ಮನೆಗಳ ಡೇಟಾವೂ ದುಡ್ಡೂ ಉಳಿದೀತು.